ಬೆರಳು ನೋಡದ ಟೈಪಿನಮ್ಮ

ಕಚೇರಿ ಬೀದಿಯಲ್ಲಿ ಟೈಪಿನಮ್ಮನ ಅಂಗಡಿ ಎಲ್ಲಿದೆ ಎಂದು ಕೇಳಿದರೆ ಮೊದಲೆಲ್ಲ ಜನ ಕೈ ಎತ್ತಿ ತೋರಿಸುವ ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. "ಸದ್ದು ಬರೋ ಕಡೆ ಹೋಗಿ, ಸಿಗತ್ತೆ" ಎನ್ನುತ್ತಿದ್ದರು. ಆ ಉದ್ದನೆಯ ಕೋಣೆಯಲ್ಲಿ ಆಗ ಹನ್ನೊಂದು ಟೈಪ್‌ರೈಟರ್‌ಗಳಿದ್ದವು. ಬೆಳಿಗ್ಗೆ ಏಳಕ್ಕೆ ಮಕ್ಕಳು ತಂಡ ತಂಡವಾಗಿ ಬಂದು ಕುಟ್ಟಲು ಶುರು ಮಾಡಿದರೆ ಎದುರಿನ ಮನೆಯವರಿಗೆ ಗಡಿಯಾರದ ಅಗತ್ಯವೇ ಬೀಳುತ್ತಿರಲಿಲ್ಲ. ಈಗ ಹತ್ತು ಯಂತ್ರಗಳು ಗುಜರಿಗೆ ಹೋಗಿವೆ. ಉಳಿದದ್ದೊಂದು ಕಿಟಕಿಯ ಪಕ್ಕ ಬಟ್ಟೆ ಹೊದ್ದು ಕೂತಿದೆ. ಅದರ ಎದುರಿಗೆ ಕಂಪ್ಯೂಟರ್, ಕಂಪ್ಯೂಟರಿನ ಮುಂದೆ ಐವತ್ತೆಂಟು ವರ್ಷದ ಟೈಪಿನಮ್ಮ. ಬೆನ್ನು ನೆಟ್ಟಗೆ, ಕಣ್ಣು ಎಡಗಡೆಯ ಕಾಗದದ ಮೇಲೆ.

ಆ ಕೋಣೆಯ ಕಾನೂನು ಒಂದೇ. ಅದನ್ನು ಗೋಡೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆಸಿದ್ದರು: ಬೆರಳು ನೋಡಬೇಡಿ. ಕಣ್ಣು ಕಾಗದದ ಮೇಲಿರಬೇಕು, ಬೆರಳು ತನ್ನ ಪಾಡಿಗೆ ತಾನು ಓಡಬೇಕು. "ಬೆರಳಿಗೆ ಅದರ ಮನೆ ಗೊತ್ತು ಕಣೋ, ನೀನೇನು ದಾರಿ ತೋರ್ಸೋದು?" ಎನ್ನುತ್ತಾ, ತಲೆ ಬಗ್ಗಿಸಿದವರ ಗೆಣ್ಣಿನ ಮೇಲೆ ಮರದ ಅಡಿಪಟ್ಟಿಯಿಂದ ಟಕ್ಕನೆ ಒಂದು ಬಾರಿಸುತ್ತಿದ್ದರು. ಅದಕ್ಕೂ ಬಗ್ಗದವರ ಕೈಗಳ ಮೇಲೆ ರಟ್ಟಿನ ಪೆಟ್ಟಿಗೆ ಕವುಚಿ, "ಈಗ ನೋಡು ನೋಡೋಣ" ಎನ್ನುತ್ತಿದ್ದರು. ಮೂವತ್ತಾರು ವರ್ಷ ಊರಿಗೆಲ್ಲ ಇದನ್ನೇ ಹೇಳಿ ಹೇಳಿ, ತಮ್ಮ ಬೆರಳುಗಳನ್ನು ಅವರು ಉಗುರು ಕತ್ತರಿಸುವಾಗ ಬಿಟ್ಟರೆ ಸರಿಯಾಗಿ ಕಂಡೇ ಇರಲಿಲ್ಲ ಅನ್ನಬೇಕು.

ಆ ಪೆಟ್ಟಿಗೆಗೂ ತೂತು ಕೊರೆದು ನೋಡುತ್ತಿದ್ದ ಶಿಷ್ಯನೊಬ್ಬನಿದ್ದ. ಎಷ್ಟು ಬಾರಿಸಿದರೂ ಅವನ ತಲೆ ಕೆಳಗೇ. ಟೈಪಿನಮ್ಮ ಅವನಿಗೆ ಇಣುಕಪ್ಪ ಎಂದು ಹೆಸರಿಟ್ಟರು. ಇಣುಕಪ್ಪ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದು, ಟೈಪಿಂಗಿಗೆ ದೊಡ್ಡ ನಮಸ್ಕಾರ ಹಾಕಿ, ಯಂತ್ರಗಳ ಹೊಟ್ಟೆ ಬಿಚ್ಚುವ ಕೆಲಸ ಕಲಿತ. ಈಗ ಅವನಿಗೆ ನಲವತ್ತು ದಾಟಿದೆ, ತಲೆ ಅರ್ಧ ಬೋಳಾಗಿದೆ, ಬೀದಿಯ ಕಂಪ್ಯೂಟರುಗಳಿಗೆಲ್ಲ ಅವನೇ ವೈದ್ಯ. ಟೈಪಿನಮ್ಮನ ಬಾಯಲ್ಲಿ ಮಾತ್ರ ಇನ್ನೂ ಇಣುಕಪ್ಪನೇ, ಅವನ ಬಾಯಲ್ಲಿ ಅವರು ಇನ್ನೂ ಟೀಚರ್.

ಫೈಲುಗಳ ತೊಂದರೆ ಶುರುವಾದದ್ದು ಒಂದು ಮಂಗಳವಾರ ಬೆಳಿಗ್ಗೆ. ಹಿಂದಿನ ದಿನ ಹೊಡೆದಿಟ್ಟಿದ್ದ ಬಾಡಿಗೆ ಕರಾರನ್ನು ತೆರೆಯಲೆಂದು ಟೈಪಿನಮ್ಮ ಮೌಸಿನ ಬಾಣವನ್ನು ಫೈಲಿನ ಮೇಲೆ ತಂದು ಎರಡು ಸಲ ಒತ್ತಿದರು. ತೆರೆಯಲಿಲ್ಲ. ಮತ್ತೆ ಒತ್ತಿದರು. ಫೈಲು ನೀಲಿ ಬಣ್ಣಕ್ಕೆ ತಿರುಗಿ, ಕರೆದರೂ ಓಗೊಡದ ನೆಂಟನ ಹಾಗೆ ಸುಮ್ಮನೆ ಕೂತಿತು. ಮೂರನೇ ಸಲ ಫೈಲಿನ ಹೆಸರು ಒಂದು ಚೌಕಟ್ಟಿನೊಳಗೆ ಸೇರಿಕೊಂಡು ಮಿಣುಕಿತು. ಗಾಬರಿಯಲ್ಲಿ ಯಾವುದೋ ಕೀಲಿ ಒತ್ತಿದ್ದಕ್ಕೆ ಆ ಹೆಸರೇ ಅಳಿಸಿಹೋಗಿ ಬರೀ 'ಕ' ಎಂದಾಯಿತು. ನಾಲ್ಕನೇ ಸಲಕ್ಕೆ ಆ 'ಕ' ಕೂಡ ಕಣ್ಣೆದುರಿಗೇ ಮಾಯ. ಮಧ್ಯಾಹ್ನದವರೆಗೆ ತಡಕಾಡಿದ ಮೇಲೆ ಅದು ಪಕ್ಕದ ಫೋಲ್ಡರಿನೊಳಗೆ ಸಿಕ್ಕಿತು. ತಾವಾಗಿ ಅದನ್ನು ಅಲ್ಲಿ ಇಟ್ಟಿದ್ದಲ್ಲ ಎಂದು ಟೈಪಿನಮ್ಮ ಆಣೆ ಮಾಡಿ ಹೇಳಬಲ್ಲವರಾಗಿದ್ದರು.

ಫೋನ್ ಹೋಯಿತು, ಇಣುಕಪ್ಪ ಬಂದ. ಚೀಲ ಕೆಳಗಿಡುವ ಮೊದಲೇ ಬಗ್ಗಿ ಟಕಟಕ ಎಂದು ಒತ್ತಿದ. ಫೈಲು ತೆರೆಯಿತು.

"ತೆರೀತಲ್ಲ ಟೀಚರ್?"

"ಈಗ ತೆರೀತು. ನೀನು ಬಂದೆ ಅಂತ ತೆರೀತು."

"ಇರ್ಲಿ, ವೈರಸ್ ಇರಬೇಕು. ಒಂದ್ಸಲ ತೊಳೆದುಬಿಡ್ತೀನಿ."

ತೊಳೆದ. ಅವನು ಬೀದಿಯ ತಿರುವು ದಾಟುವುದರೊಳಗೆ ಫೈಲುಗಳು ಮತ್ತೆ ಹಠ ಹಿಡಿದವು. ಮುಂದಿನ ವಾರ ಬಂದಾಗ, ಯಾವ ಫೈಲನ್ನು ಯಾವ ಪ್ರೋಗ್ರಾಮಿನಲ್ಲಿ ತೆರೆಯಬೇಕು ಎನ್ನುವುದೇ ಕಂಪ್ಯೂಟರಿಗೆ ಮರೆತುಹೋಗಿರಬೇಕು ಎಂದು ಹೇಳಿ ಅದನ್ನೆಲ್ಲ ಹೊಸದಾಗಿ ಕಲಿಸಿದ. ಆಗಲೂ ಅವನ ಕೈಗೆ ತೆರೆಯಿತು. ಆಮೇಲೆ ಮೌಸು ಬದಲಾಯಿತು, ಅದರ ತಂತಿ ಬದಲಾಯಿತು, ಮೌಸಿನ ಕೆಳಗಿನ ರಬ್ಬರ್ ಹಾಳೆಯೂ ಹೊಸದಾಯಿತು. ಕಡೆಗೆ ಒಂದು ಭಾನುವಾರ ಇದ್ದಬದ್ದದ್ದನ್ನೆಲ್ಲ ತೆಗೆದಿಟ್ಟುಕೊಂಡು, ಕಂಪ್ಯೂಟರನ್ನು ಪೂರ್ತಿ ಅಳಿಸಿ, ಎಲ್ಲವನ್ನೂ ಮೊದಲಿಂದ ಹಾಕಿದ. ಸೋಮವಾರ ಹತ್ತು ಗಂಟೆಗೆ ಟೈಪಿನಮ್ಮನ ಫೋನ್ ಬಂದಾಗ ಅವನು ತಲೆ ಮೇಲೆ ಕೈ ಹೊತ್ತು ಕೂತನಂತೆ. ಇಪ್ಪತ್ತು ವರ್ಷದ ಅನುಭವದಲ್ಲಿ ಇಂಥ ಕಾಯಿಲೆ ಅವನು ಕಂಡಿರಲಿಲ್ಲ.

ಅದಕ್ಕೂ ಹಿಂದೆಯೇ, ಆ ವರ್ಷದ ಮೊದಲಲ್ಲಿ, ಟೈಪಿನಮ್ಮ ಕೀಬೋರ್ಡನ್ನೂ ಬದಲಾಯಿಸಿದ್ದರು. ಬಲಗೈಗೆ ಬರುವ ಅಕ್ಷರಗಳು ತಡವಾಗಿ ಬೀಳುತ್ತಿದ್ದವು, ಒಂದು ಬೇಕಾದಲ್ಲಿ ಎರಡು ಬೀಳುತ್ತಿದ್ದವು. "ಈಗಿನ ಕಾಲದ ಸಾಮಾನು ನೋಡಿ, ಬರೀ ಪ್ಲಾಸ್ಟಿಕ್ಕು" ಎಂದು ಕಂಡಕಂಡವರಿಗೆಲ್ಲ ಬೈದರು. ಹೊಸ ಕೀಬೋರ್ಡೂ ಅಷ್ಟೇ ಎಂದಾಗ ಅದನ್ನೂ ಬೈದರು. ಕೇಳಿದವರು ಹೌದೌದು ಎಂದರು. ಸಾಮಾನಿನ ಮೇಲೆ ತಪ್ಪು ಹೊರಿಸುವುದು ಎಲ್ಲರಿಗೂ ಸುಲಭ.

ಆ ಒಂದೂವರೆ ತಿಂಗಳು ಟೈಪಿನಮ್ಮ ಪಟ್ಟ ಪಾಡು ಯಾರಿಗೂ ಬೇಡ. ಅಂಗಡಿ ತೆರೆದು, ಕಂಪ್ಯೂಟರ್ ಹಚ್ಚಿ, ಯಾರಾದರೂ ಬರಲಿ ಎಂದು ಬಾಗಿಲು ಕಾಯುತ್ತಾ ಕೂರುತ್ತಿದ್ದರು. ಬಂದವರನ್ನು, "ಸ್ವಲ್ಪ ಇದನ್ನ ಎರಡು ಸಲ ಒತ್ತಿಕೊಡ್ತೀರಾ?" ಎಂದು ಕೇಳುತ್ತಿದ್ದರು. ಅಂಚೆಯವನು ಒತ್ತಿದ, ತೆರೆಯಿತು. ವಿಳಾಸ ಕೇಳಲು ಬಂದ ಅಪರಿಚಿತ ಹೆಂಗಸು ಒತ್ತಿದಳು, ತೆರೆಯಿತು. ಒಂದು ದಿನ ಪಕ್ಕದ ಜೆರಾಕ್ಸ್ ಅಂಗಡಿಯವನ ಆರು ವರ್ಷದ ಮೊಮ್ಮಗಳು ಚಾಕಲೇಟು ಮೆತ್ತಿದ ಬೆರಳಲ್ಲಿ ಒತ್ತಿದಳು, ಆಗಲೂ ತೆರೆಯಿತು. ಜೆರಾಕ್ಸಿನವನು ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ. "ಟೈಪಿನಮ್ಮನ್ನ ಕಂಡ್ರೆ ಕಂಪ್ಯೂಟರಿಗೇ ಆಗಲ್ವಂತೆ" ಎಂದು ಬೀದಿಗೆಲ್ಲ ಸಾರಿದ. ಅಂದಿನಿಂದ ಅವರು ಯಾರನ್ನೂ ಕೇಳುವುದನ್ನು ಬಿಟ್ಟರು. ಒಬ್ಬರೇ ಕೂತು ಇಪ್ಪತ್ತು, ಮೂವತ್ತು ಸಲ ಒತ್ತುತ್ತಿದ್ದರು. ಯಾವಾಗಲೋ ಒಮ್ಮೆ ಅದಕ್ಕೇ ಕರುಣೆ ಬಂದಂತೆ ತೆರೆದಾಗ, ಮತ್ತೆ ಮುಚ್ಚಿಹೋದೀತೆಂಬ ಭಯಕ್ಕೆ ಊಟಕ್ಕೂ ಏಳುತ್ತಿರಲಿಲ್ಲ. ನಿಮಿಷಕ್ಕೆ ಎಂಬತ್ತು ಪದ ಹೊಡೆಯುತ್ತಿದ್ದ ಹೆಂಗಸು ಒಂದು ಬಾಗಿಲು ತೆರೆಯಲಾಗದೆ ಹೊರಗೆ ನಿಂತುಬಿಟ್ಟಿದ್ದರು. ಅವಮಾನಕ್ಕಿಂತ ಹೆಚ್ಚಾಗಿ ಅವರಿಗೆ ದುಃಖವಾಗುತ್ತಿತ್ತು. ಇಷ್ಟು ವರ್ಷ ಯಂತ್ರಗಳನ್ನು ಮಕ್ಕಳ ಹಾಗೆ ನೋಡಿಕೊಂಡ ನನ್ನ ಮೇಲೇ ಯಾಕೆ ಈ ಹಗೆ ಎಂದು ನಿಜಕ್ಕೂ ಕಣ್ಣೀರು ಹಾಕಿದರು.

ಮನೆಯಲ್ಲಿದ್ದವರು ಅವರ ಅಕ್ಕ ಒಬ್ಬರೇ. ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಅಕ್ಕತಂಗಿಯರಿಬ್ಬರೂ ಮದುವೆಯಾಗಿರಲಿಲ್ಲ. ಅವರಪ್ಪ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಕೊನೆಯ ಒಂಬತ್ತು ವರ್ಷ ಅವರ ಕೈ ಅವರ ಮಾತು ಕೇಳಲಿಲ್ಲ. ಮೊದಲು ತಿರುಪು ಹಿಡಿಯುವುದು ನಿಂತಿತು, ಆಮೇಲೆ ಚಮಚ, ಆಮೇಲೆ ನೀರಿನ ಲೋಟ. ಅಷ್ಟೂ ವರ್ಷ ಈ ಇಬ್ಬರು ಹೆಣ್ಣುಮಕ್ಕಳೇ ಅವರಿಗೆ ತುತ್ತು ಕೊಟ್ಟಿದ್ದರು. ಅಪ್ಪ ಹೋಗಿ ಬಹಳ ಕಾಲವಾಗಿದ್ದರಿಂದ ಆ ವಿಷಯ ಮನೆಯಲ್ಲಿ ಏಳುತ್ತಿರಲಿಲ್ಲ.

ಅಕ್ಕ ಒಂದು ಸಂಜೆ ಅಂಗಡಿಯಿಂದ ಬರುವ ದಾರಿಯಲ್ಲಿ ಹಿಂದೆ ನಡೆಯುತ್ತಾ ಕೇಳಿದ್ದರು: "ಬಲಗೈ ಯಾಕೆ ಹಾಗೆ ಮೈಗಂಟಿಸಿಕೊಂಡು ನಡೀತೀಯೇ? ಬೀಸಿ ನಡಿ."

"ಚೀಲ ಹಿಡಿದು ಅಭ್ಯಾಸ."

"ಚೀಲ ಎಡಗೈಲಿದೆಯಲ್ಲೇ."

"ಅಯ್ಯೋ, ಬಿಡೇ ಅಕ್ಕ! ಅಲ್ಲಿ ಕಂಪ್ಯೂಟರ್ ಪ್ರಾಣ ತಿಂತಿದೆ, ನೀನು ನನ್ನ ನಡಿಗೆ ಹಿಡ್ಕೊಂಡಿದೀಯ."

ಅಕ್ಕ ಮತ್ತೆ ಆ ಮಾತೆತ್ತಲಿಲ್ಲ. ಕೆಲವು ದಿನ ಕಳೆದ ಮೇಲೆ ಟೈಪಿನಮ್ಮ ಬೆಳಿಗ್ಗೆ ಅಂಗಡಿಗೆ ಹಾಕುವ ಬೂದು ಕೋಟು ತೊಟ್ಟಾಗ, ಅದರ ಗುಂಡಿಗಳೆಲ್ಲ ಹೋಗಿ, ಒತ್ತಿದರೆ ಕೂರುವ ಟಿಚ್ ಗುಂಡಿಗಳು ಬಂದಿದ್ದವು. ಆಮೇಲೆ ಅಂಗಿಗಳಿಗೂ ಅವೇ ಬಂದವು. ಅಕ್ಕನಿಗೆ ಮಾಡಲು ಕೆಲಸವಿಲ್ಲ ಎಂದು ಟೈಪಿನಮ್ಮ ನಕ್ಕು ಸುಮ್ಮನಾದರು. ಹಾಕಿಕೊಳ್ಳಲು ಸುಲಭವಾಗಿದ್ದದ್ದೇನೋ ನಿಜ.

ಇನ್ನು ವಕೀಲರ ವಿಷಯ. ಇಪ್ಪತ್ತೆರಡು ವರ್ಷದಿಂದ ಅವರ ಕಾಗದಗಳೆಲ್ಲ ಟೈಪಿನಮ್ಮನಲ್ಲೇ ಆಗುತ್ತಿದ್ದವು. ಅಂಗಡಿ ಉಸಿರಾಡುತ್ತಿದ್ದದ್ದೇ ಅವರಿಂದ. "ಟೈಪಿನಮ್ಮ ಹೊಡೆದದ್ದನ್ನ ನಾನು ಎರಡನೇ ಸಲ ಓದಲ್ಲ" ಎನ್ನುವುದು ಅವರ ಹೆಮ್ಮೆ. ಈಗ ಅವರ ಜೊತೆ ಮಗಳೂ ವಕೀಲಿ ಮಾಡುತ್ತಾಳೆ, ಅವಳು ಎರಡನೇ ಸಲ ಓದುತ್ತಾಳೆ. ಓದಿ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಕಳಿಸುತ್ತಾಳೆ. ಬೀದಿಯ ಆಚೆ ಬದಿಗೆ ಹೊಸ ಟೈಪಿಂಗ್ ಅಂಗಡಿ ಬಂದಿದೆ, ಅಲ್ಲಿ ಮೂರು ಕಂಪ್ಯೂಟರು, ಮೂವರು ಚುರುಕಿನ ಹುಡುಗಿಯರು. ಇದೆಲ್ಲ ಟೈಪಿನಮ್ಮನಿಗೆ ಗೊತ್ತಿರದ ವಿಷಯವಲ್ಲ.

ಆ ಗುರುವಾರ ಹನ್ನೊಂದು ಗಂಟೆಗೆ ವಕೀಲರು ತಾವೇ ಬಂದರು. ಮೂರು ದಿನದ ಹಿಂದೆ ಹೊಡೆದಿದ್ದ ಮೇಲ್ಮನವಿಯಲ್ಲಿ ಕೊನೆಯ ನಾಲ್ಕು ಸಾಲು ಬದಲಾಗಬೇಕಿತ್ತು. ಮೂರು ಗಂಟೆಯೊಳಗೆ ಅದು ಕಚೇರಿಗೆ ಹೋಗಬೇಕು, ಅವತ್ತೇ ಕೊನೆಯ ದಿನ.

"ನಾಲ್ಕೇ ಸಾಲು ಟೈಪಿನಮ್ಮ. ನಿಮಗೆ ನೀರು ಕುಡಿದಷ್ಟು ಸುಲಭ."

"ಆಯ್ತು, ಒಂದು ಗಂಟೆಗೆ ಬನ್ನಿ."

ವಕೀಲರು ಹೊಸಿಲಲ್ಲಿ ನಿಂತು ಸ್ವಲ್ಪ ತಡೆದರು. "ಮಗಳು ಎದುರಿನವರಿಗೆ ಕೊಡೋಣ ಅಂದ್ಲು. ನಾನೇ ಬೇಡ ಅಂದೆ. ಇದೊಂದು ತಪ್ಪಾಗಬಾರದು ನೋಡಿ, ಆಮೇಲೆ ನನ್ನ ಮಾತು ನಡೆಯಲ್ಲ." ಬೈದಿದ್ದರೆ ಟೈಪಿನಮ್ಮ ತಿರುಗಿ ನಾಲ್ಕು ಮಾತು ಅಂದು ಹಗುರಾಗುತ್ತಿದ್ದರು. ಅಷ್ಟು ಮೆಲ್ಲಗೆ ಹೇಳಿದ್ದರಿಂದ ಅದು ನೇರ ಎದೆಗೆ ನಾಟಿತು.

ಅವರು ಆಚೆ ಹೋದ ಮೇಲೆ ಟೈಪಿನಮ್ಮ ಒತ್ತಲು ಶುರು ಮಾಡಿದರು. ಫೈಲು ನೀಲಿಯಾಯಿತು, ಬಿಳಿಯಾಯಿತು, ಹೆಸರು ಮಿಣುಕಿತು, ಪಕ್ಕಕ್ಕೆ ಜಾರಿತು. ಹನ್ನೊಂದೂವರೆಯಾಯಿತು. ಮೌಸನ್ನು ಬೈದರು, ಬೇಡಿಕೊಂಡರು, "ಇದೊಂದ್ಸಲ ತೆರಿಯೋ ನನ್ನಪ್ಪ" ಎಂದರು. ಕೊನೆಗೆ ಕೈ ಚೆಲ್ಲಿ ಫೋನ್ ಎತ್ತಿಕೊಂಡರು.

ಇಣುಕಪ್ಪ ಓಡಿಬಂದ. ಎಂದಿನಂತೆ ಬಗ್ಗಿ ಮೌಸಿಗೆ ಕೈ ಹಾಕಲು ಹೋದಾಗ ಟೈಪಿನಮ್ಮ ತಡೆದರು.

"ಮುಟ್ಟಬೇಡ. ನಿನ್ನ ಕೈಗೆ ಅದು ಸಾಧು. ನೀನು ಮುಟ್ಟಿದ ತಕ್ಷಣ ತೆರೆಯತ್ತೆ, ನಾನು ಸುಳ್ಳಿ ಆಗ್ತೀನಿ. ಇವತ್ತು ನನ್ನ ಹಿಂದೆ ನಿಂತ್ಕೊಂಡು ನೋಡು, ಅದೇನು ಮಾಡತ್ತೆ ಅಂತ."

ಇಷ್ಟು ವಾರಗಳಲ್ಲಿ ಇಬ್ಬರಿಗೂ ಹೊಳೆಯದೆ ಹೋಗಿದ್ದು ಇದೇ. ಕೆಟ್ಟಿದೆ ಎಂದವರು ಕುರ್ಚಿ ಬಿಟ್ಟು ಏಳುತ್ತಿದ್ದರು, ಸರಿಮಾಡಲು ಬಂದವನು ಕೂರುತ್ತಿದ್ದ. ಅವರು ಒತ್ತುವುದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಇಣುಕಪ್ಪ ಕುರ್ಚಿಯ ಹಿಂದೆ ನಿಂತ. ಟೈಪಿನಮ್ಮ ಪರದೆಯ ಮೇಲೆ ಕಣ್ಣಿಟ್ಟು ಒತ್ತಿದರು. ಫೈಲು ನೀಲಿಯಾಗಿ ಕೂತಿತು. ಮತ್ತೆ ಒತ್ತಿದರು. ಹೆಸರು ಮಿಣುಕಿತು.

"ನೋಡಿದ್ಯಾ! ನೋಡಿದ್ಯೇನೋ! ನಾನೇನು ಕತೆ ಕಟ್ತಿದ್ನಾ?"

ಅವರ ಮುಖದಲ್ಲಿ ಎಷ್ಟೋ ವಾರಗಳ ಮೇಲೆ ಗೆಲುವು ಬಂದಿತ್ತು. ಸಾಕ್ಷಿ ಸಿಕ್ಕಿತ್ತು, ಇನ್ನು ಯಾರೂ ನಗುವಂತಿಲ್ಲ. ಇನ್ನೊಮ್ಮೆ ಒತ್ತಿ, ಇನ್ನೊಮ್ಮೆ ಅದು ತೆರೆಯದಿದ್ದಾಗ ಚಪ್ಪಾಳೆ ತಟ್ಟುವಷ್ಟು ಖುಷಿಯಾದರು. ತಿರುಗಿ ನೋಡಿದರೆ ಇಣುಕಪ್ಪ ಪರದೆ ನೋಡುತ್ತಿರಲಿಲ್ಲ. ಅವನ ತಲೆ ಹಳೆಯ ಚಟದಂತೆ ಕೆಳಕ್ಕೆ ಬಗ್ಗಿತ್ತು.

"ಏನೋ ಇದು? ಸ್ಕ್ರೀನ್ ನೋಡು ಅಂದ್ರೆ ನನ್ನ ಕೈ ನೋಡ್ತೀಯಲ್ಲೋ, ಇಣುಕಪ್ಪ! ಅಡಿಪಟ್ಟಿ ಎಲ್ಲಿ?"

ಅವನು ನಗಲಿಲ್ಲ. "ಟೀಚರ್, ಇನ್ನೊಂದ್ಸಲ ಒತ್ತಿ."

ಒತ್ತಿದರು.

"ಬೇಗ ಒತ್ತಿ ಟೀಚರ್. ಎರಡೂ ಒಟ್ಟಿಗೆ ಬರೋ ಹಾಗೆ."

"ಬೇಗಾನೇ ಒತ್ತುತ್ತಿದ್ದೀನಲ್ಲೋ!"

ಊರಿಗೆಲ್ಲ ವೇಗ ಕಲಿಸಿದವರಿಗೆ ಇದನ್ನು ಹೇಗೆ ಹೇಳುವುದು? ಕಂಪ್ಯೂಟರಿನ ಹತ್ತು ಕಾಯಿಲೆ ಗೊತ್ತಿದ್ದ ಇಣುಕಪ್ಪನಿಗೆ ಈ ಒಂದು ಮಾತು ಬಾಯಿಗೆ ಬರಲಿಲ್ಲ. ಕಡೆಗೆ ಬಹಳ ಮೆಲ್ಲಗೆ, ತಪ್ಪು ಮಾಡಿದ ಹುಡುಗನ ದನಿಯಲ್ಲಿ ಹೇಳಿದ: "ಟೀಚರ್, ನೀವೂ ಒಂದ್ಸಲ ಕೆಳಗೆ ನೋಡಿ."

ಟೈಪಿನಮ್ಮ ನೋಡಿದರು.

ತೋರುಬೆರಳು ಮೌಸಿನ ಮೇಲೆ ಒಮ್ಮೆ ಇಳಿಯಿತು. ಎರಡನೇ ಸಲ ಇಳಿಯಲು ಅವರು ಹೇಳಿದ್ದು ಅದಕ್ಕೆ ತಲುಪಿದಂತೆ ಕಾಣಲಿಲ್ಲ. ನಡುಗುತ್ತಾ ಮೇಲೆದ್ದು, ಅಲ್ಲೇ ಒಂದು ಕ್ಷಣ ತಡೆದು, ಮೌಸನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳಿ, ಆಮೇಲೆ ಇಳಿಯಿತು. ಅವರು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಲ್ಲಿಯೂ ಅದು ಸುಮ್ಮನಿರಲಿಲ್ಲ. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಾ ಉಜ್ಜುತ್ತಾ, ಕಾಣದ ಗಡಿಯಾರವೊಂದಕ್ಕೆ ಕೀಲಿ ಕೊಡುತ್ತಿತ್ತು. ಆ ಕೈ ಅವರಿಗೆ ಗೊತ್ತಿತ್ತು. ಅದು ಅಪ್ಪನ ಕೈ. ಒಂಬತ್ತು ವರ್ಷ ಅದನ್ನು ಹಿಡಿದು ತೊಳೆದಿದ್ದರು.

ಅವರ ಇನ್ನೊಂದು ಕೈ ತಾನಾಗಿ ಕೋಟಿನ ಟಿಚ್ ಗುಂಡಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು.

"ಅಕ್ಕನಿಗೆ ಗೊತ್ತಿತ್ತು" ಎಂದರು. ಇಣುಕಪ್ಪನಿಗೆ ಹೇಳಿದ್ದಲ್ಲ.

ಹೊರಗೆ ಬೀದಿ ತನ್ನ ಪಾಡಿಗೆ ತಾನು ಓಡಾಡುತ್ತಿತ್ತು. ಇಣುಕಪ್ಪನಿಗೆ ಏನಾದರೂ ಮಾಡಬೇಕಿತ್ತು, ಮಾಡದೆ ನಿಲ್ಲುವುದು ಅವನಿಂದ ಆಗುತ್ತಿರಲಿಲ್ಲ. ಬಗ್ಗಿ ಕಂಪ್ಯೂಟರಿನ ಒಳಗೆಲ್ಲೋ ಹೋಗಿ ಮೌಸಿನ ವೇಗ ಹೊಂದಿಸುವ ಪುಟ ತೆರೆದ. ಅಲ್ಲಿ ಒಂದು ಅಡ್ಡ ಗೆರೆ, ಗೆರೆಯ ಮೇಲೆ ಅತ್ತಿತ್ತ ಸರಿಯುವ ಒಂದು ಗುಬುಟು, ಪಕ್ಕದಲ್ಲಿ ಪರೀಕ್ಷೆಗೆಂದು ಒಂದು ಪುಟ್ಟ ಫೋಲ್ಡರಿನ ಚಿತ್ರ.

"ಇದನ್ನ ಎಡಕ್ಕೆ ತಂದ್ರೆ ಅದು ಎರಡನೇ ಸಲ ಒತ್ತೋವರೆಗೂ ಸ್ವಲ್ಪ ಕಾಯತ್ತೆ ಟೀಚರ್. ಈಗ ಆ ಫೋಲ್ಡರ್ ಮೇಲೆ ಒತ್ತಿ."

ಒತ್ತಿದರು. ಫೋಲ್ಡರ್ ಮುಚ್ಚಿಯೇ ಇತ್ತು. ಅವನು ಇನ್ನಷ್ಟು ಎಡಕ್ಕೆ ಎಳೆದ. ಆಗಲೂ ತೆರೆಯಲಿಲ್ಲ. ಮತ್ತೆ ಎಳೆದು, ಮತ್ತೆ ಎಳೆದು, ಗುಬುಟು ಗೆರೆಯ ತುದಿಗೆ ಬಂತು. ಟೈಪಿನಮ್ಮ ಒತ್ತಿದರು. ಪುಟ್ಟ ಫೋಲ್ಡರ್ ಬಾಯಿ ಬಿಟ್ಟಿತು.

"ಬಂತು ಟೀಚರ್!"

"ಇದಕ್ಕಿಂತ ನಿಧಾನ ಇಲ್ವಾ?"

"ಈಗ ಇಷ್ಟು ಸಾಕಲ್ಲ."

"ಈಗ ಸಾಕು ಕಣೋ. ಮುಂದಕ್ಕೆ ಕೇಳಿದ್ದು."

ಇಣುಕಪ್ಪ ಗೆರೆಯನ್ನೇ ನೋಡಿದ. "ಇಲ್ಲ. ಇದೇ ಕೊನೆ." ಆಮೇಲೆ ಅವಸರವಾಗಿ, ಎರಡು ಸಲ ಒತ್ತಲೇಬೇಕೆಂದಿಲ್ಲ, ಒಂದು ಸಲ ಒತ್ತಿ ಎಂಟರ್ ಹೊಡೆದರೂ ಫೈಲು ತೆರೆಯುತ್ತದೆ, ಮೊದಲೇ ಹೇಳಬೇಕಿತ್ತು, ತನ್ನದೇ ತಪ್ಪು, ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ, ಈಗೆಲ್ಲ ಒಳ್ಳೊಳ್ಳೆ ಮಾತ್ರೆಗಳಿವೆ ಎಂದು ಒಂದೇ ಉಸಿರಿಗೆ ಒದರಿದ. ಟೈಪಿನಮ್ಮ ಹೂಂ ಎಂದರು. ಅಪ್ಪನಿಗೂ ಮಾತ್ರೆಗಳಿದ್ದವು. ಎಂಟು ಗಂಟೆಯದು, ಒಂದು ಗಂಟೆಯದು, ಮಲಗುವಾಗಿನದು, ಎಲ್ಲವೂ ಅವರಿಗೆ ಈಗಲೂ ಬಾಯಿಪಾಠ.

ಗಂಟೆ ಹನ್ನೆರಡೂಕಾಲಾಗಿತ್ತು. "ವಕೀಲರು ಬರ್ತಾರೆ" ಎಂದು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಫೈಲಿನ ಮೇಲೆ ಒತ್ತಿದರು. ಮೇಲ್ಮನವಿ ತೆರೆದುಕೊಂಡಿತು, ಏನೂ ಆಗಿಲ್ಲವೆಂಬಂತೆ, ಪುಟದ ಮೇಲೆ ಪುಟ. ಕೊನೆಯ ನಾಲ್ಕು ಸಾಲುಗಳನ್ನು ಅಳಿಸಿ, ವಕೀಲರ ಕಾಗದವನ್ನು ಎಂದಿನಂತೆ ಎಡಗಡೆಗೆ ನಿಲ್ಲಿಸಿಕೊಂಡು, ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟರು. ಎಡಗೈ ತನ್ನ ಮನೆಯಲ್ಲಿ ಕೂತಿತು. ಬಲಗೈ ಕೂತಲ್ಲಿ ಕೂರಲಿಲ್ಲ.

ಅವರು ಮೊದಲು ಗೋಡೆಯ ಮೇಲಿನ ಅಕ್ಷರಗಳ ಕಡೆ ನೋಡಿದರು. ಆಮೇಲೆ ತಲೆ ಬಗ್ಗಿಸಿದರು. ಒಂದು ಅಕ್ಷರ ಹೊಡೆದರು, ಇನ್ನೊಂದನ್ನು ಹುಡುಕಿ ಹೊಡೆದರು. ಇಣುಕಪ್ಪನಿಗೆ ಜೀವಮಾನದಲ್ಲಿ ಮೊದಲ ಸಲ ಕೈ ನೋಡುವುದು ಬೇಡವೆನಿಸಿತು. ಅವನು ಮುಖ ತಿರುಗಿಸಿ ಕಿಟಕಿಯ ಪಕ್ಕದ ಹಳೆಯ ಯಂತ್ರವನ್ನು, ಅದರ ಮೇಲಿನ ಬಟ್ಟೆಯನ್ನು ನೋಡುತ್ತಾ ನಿಂತ.

"ಅಲ್ಲೇನು ನೋಡ್ತಿದ್ಯೋ, ಇಲ್ಲಿ ಬಾ" ಎಂದರು ಟೈಪಿನಮ್ಮ, ತಲೆ ಎತ್ತದೆ. "ಸ್ಕ್ರೀನ್ ನೀನು ನೋಡು. ತಪ್ಪು ಬಿದ್ರೆ ಹೇಳು. ನಾನು ಕೈ ನೋಡ್ತಿದ್ದೀನಿ."